ಬೇಕರಿ ಕೇಕೇ ಬೇಕು

ನನ್ನ ಸೊಸೆಗೆ ಬೀದಿಯವರೆಲ್ಲ ಸೇರಿ ಇಟ್ಟಿರುವ ಹೆಸರು ಕೇಕಮ್ಮ. ಎದುರಿಗೆ ಯಾರೂ ಕರೆಯುವುದಿಲ್ಲ, ಬೆನ್ನ ಹಿಂದೆ ಮಾತ್ರ. ಅವಳಿಗೂ ಗೊತ್ತು. ಕೇಳಿಸಿದರೂ ಕೇಳಿಸದವಳಂತೆ ಇರುತ್ತಾಳೆ. ಕೋಪ ಮಾಡಿಕೊಳ್ಳುವುದಕ್ಕೂ ಪುರುಸೊತ್ತು ಬೇಕಲ್ಲ!

ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕು ಮಾಡಿಕೊಡುವುದು ಅವಳ ಕೆಲಸ. ಈಗಿನ ಮಕ್ಕಳಿಗೆ ಕೇಕು ಬರೀ ಕೇಕಾಗಿದ್ದರೆ ಸಾಲದು. ಒಂದಕ್ಕೆ ಡೈನೋಸಾರ್ ಬೇಕು, ಇನ್ನೊಂದಕ್ಕೆ ರಾಕೆಟ್ಟು. ಮೊನ್ನೆ ಒಬ್ಬ ಮಹಾರಾಯನಿಗೆ ಕಸದ ಲಾರಿಯೇ ಆಗಬೇಕಿತ್ತು, ಅದೂ ಕಸದ ಸಮೇತ. ಇವಳು ಅದನ್ನೂ ಮಾಡಿದಳು. ಸಕ್ಕರೆಯ ಮುದ್ದೆಯಲ್ಲೇ ಬಾಳೆಹಣ್ಣಿನ ಸಿಪ್ಪೆ, ಒಡೆದ ಬಕೆಟ್ಟು, ಕಿತ್ತುಹೋದ ಚಪ್ಪಲಿ. ನೋಡಿ ನಾನು ಮೂಗು ಮುಚ್ಚಿಕೊಂಡೆ, ಅವಳು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಕೇಕು ತಯಾರಾಗುವ ಹೊತ್ತಿನಲ್ಲಿ ಮನೆಯಲ್ಲಿ ನಾವು ಉಸಿರಾಡುವುದೇ ತಪ್ಪು. ಪುಡಿ ಸಕ್ಕರೆ ಹಾರುತ್ತದೆ ಎಂದು ಫ್ಯಾನ್ ಹಾಕುವಂತಿಲ್ಲ. ಓವನ್ನಿನಲ್ಲಿ ಕೇಕು ಉಬ್ಬುತ್ತಿದ್ದರೆ ಬಾಗಿಲನ್ನು ದಡಾರನೆ ಹಾಕುವಂತಿಲ್ಲ. ಫ್ರಿಜ್ಜಿನ ಹಾಲು, ತರಕಾರಿಯೆಲ್ಲ ಗುಳೆ ಎದ್ದು ಕಿಟಕಿಯ ಕಟ್ಟೆಗೆ ಬರುತ್ತವೆ. ಮಗ ಕೆಲಸದಿಂದ ಬಂದವನು ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾನೆ. ಪಾತ್ರೆ ನನ್ನ ಪಾಲು. ಬೆಣ್ಣೆ ಮೆತ್ತಿದ ಆ ಬೋಗುಣಿಗಳನ್ನು ತಿಕ್ಕಿ ತಿಕ್ಕಿ ನನ್ನ ಸೊಂಟ ಬಿದ್ದುಹೋಗಿದೆ. ಅವಳ ಮಣಿಕಟ್ಟಿಗಂತೂ ಸದಾ ಪಟ್ಟಿ. "ಸಾಕು ಬಿಡೇ, ಕೈ ಕಾಲು ಉಳಿಸ್ಕೋ" ಅಂದರೆ, "ಇದೊಂದು ಮುಗೀಲಿ ಅತ್ತೆ" ಅನ್ನುತ್ತಾಳೆ. ಆ 'ಇದೊಂದು' ಮುಗಿದದ್ದನ್ನು ನಾನಂತೂ ಕಂಡಿಲ್ಲ.

ವರ್ಷಕ್ಕೆ ಒಂದೇ ಒಂದು ಕೇಕನ್ನು ಅವಳು ಆಸೆಪಟ್ಟು ಮಾಡುತ್ತಾಳೆ, ಮಗಳದ್ದು. ಈ ಸಲ ಮೊಮ್ಮಗಳಿಗೆ ಏಳು ತುಂಬುತ್ತಿತ್ತು.

"ಏನು ಮಾಡ್ಲಿ ಪುಟ್ಟಿ? ಅರಮನೆ? ಸಮುದ್ರ?"

"ಬೇಕರಿ ಕೇಕ್ ತರೋಣಮ್ಮ. ನಂಗೆ ಅದೇ ಬೇಕು."

ನನಗೆ ನಗು ಬಂತು. ಸೊಸೆಯ ಮುಖ ಮಾತ್ರ ಸಪ್ಪಗಾಯಿತು. ಕಂಡವರ ಮಕ್ಕಳೆಲ್ಲ ಇವಳ ಕೇಕಿಗೆ ಬಾಯಿ ಬಿಡುತ್ತಿರುವಾಗ, ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೇ ಬೇಡವೆಂದರೆ ಹೇಗಾಗಬೇಡ? "ಸುಮ್ನೆ ಅಂತಾಳೆ. ನೋಡಿದ್ಮೇಲೆ ಕುಣೀತಾಳೆ ನೋಡ್ತಿರಿ" ಎಂದು ನನಗೆ ಹೇಳಿ ಅರಮನೆಗೆ ಕೈ ಹಾಕಿದಳು. ನಾಲ್ಕು ಗೋಪುರ, ಸುತ್ತ ತೋಟ, ತೋಟದಲ್ಲಿ ಉಗುರಿನಷ್ಟು ಉಗುರಿನಷ್ಟು ಮೊಲಗಳು. ಬೇರೆಯವರ ಕೇಕು ಮುಗಿಸಿ, ಸತ್ತು ಸುಣ್ಣವಾಗಿ, ಮತ್ತೆ ಇದಕ್ಕೆ ಕೂರುವಳು. ಮಗಳು ಒಮ್ಮೆ ಕಣ್ಣರಳಿಸಿಬಿಟ್ಟರೆ ಸಾಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಹುಟ್ಟುಹಬ್ಬದ ಬೆಳಿಗ್ಗೆ ಮೊಮ್ಮಗಳು ಮೊಲಗಳನ್ನು ನೋಡಲು ಬಂದು ಮೇಜಿಗೆ ಒರಗಿದಳು. ಮೇಜು ಅಲ್ಲಾಡಿತು, ಒಂದು ಗೋಪುರ ತೋಟದ ಮೇಲೆ ಕವುಚಿಕೊಂಡಿತು.

"ಎಷ್ಟು ಸಲ ಬಡ್ಕೋಬೇಕೇ ನಿಂಗೆ! ನಡಿ ಆಚೆ!" ಸೊಸೆಯ ಕೂಗಿಗೆ ನಾನೇ ಬೆಚ್ಚಿಬಿದ್ದೆ.

ಮಗು ಅಳಲಿಲ್ಲ. ಬಂದು ನನ್ನ ಪಕ್ಕ ಕೂತಿತು. "ಹುಟ್ಟಿದ ದಿನಾನೇ ಬೈಸ್ಕೊಂಡ್ಯಲ್ಲೇ ನನ್ನವ್ವ" ಎಂದೆ.

"ಅದಕ್ಕೇ ಅಲ್ವಾ ಅಜ್ಜಿ ಬೇಕರೀದು ತರೋಣ ಅಂದಿದ್ದು. ಅದನ್ನ ಮಾಡೋರು ಅವರ ಮನೆಯೋರನ್ನ ಬೈಕೋತಾರೆ."

ಬಿದ್ದ ಗೋಪುರವನ್ನು ಎತ್ತುತ್ತಿದ್ದ ಸೊಸೆಗೆ ಅದು ಕೇಳಿಸಿತು. ಗೋಪುರವನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಮುನಿಸಿಕೊಂಡಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆಲ್ಲ ರಟ್ಟಿನ ಡಬ್ಬಿ ಹಿಡಿದು ವಾಪಸು ಬಂದಳು. ಒಳಗೆ ಗುಲಾಬಿ ಬಣ್ಣದ ಬೇಕರಿ ಕೇಕು, ಕ್ರೀಮಿನ ಹೂವುಗಳೆಲ್ಲ ಒಂದೇ ಕಡೆ ವಾಲಿದ್ದವು. ಸರಿಮಾಡಲು ಅವಳ ಬೆರಳು ಮುಂದೆ ಹೋಯಿತು, ಹಾಗೇ ಹಿಂದಕ್ಕೆ ಬಂತು. ನನಗೆ ಸಂಕಟವಾಯಿತು. ಬೈಯೋಣವೆಂದರೆ ಯಾರನ್ನು ಬೈಯಲಿ?

ಸಂಜೆ ಮೇಜಿನ ಸುತ್ತ ನಾವು ನಾಲ್ವರೂ ಕೂತೆವು. ಮೊಮ್ಮಗಳು ಕತ್ತರಿಸಿ ಮೊದಲ ತುಂಡನ್ನು ಅಮ್ಮನ ಬಾಯಿಗಿಟ್ಟು, ಆಮೇಲೆ ತಾನೂ ತಿಂದಳು.

"ಹೇಗಿದೆ ಪುಟ್ಟಿ? ಅಮ್ಮ ಮಾಡೋದಕ್ಕಿಂತ ಚೆನ್ನಾಗಿದ್ಯಾ?" ಸೊಸೆ ಕೇಳಿಯೇಬಿಟ್ಟಳು. ಇದೆಲ್ಲಿ ಕೇಳಿದಳಪ್ಪ ಎಂದು ನಾನು ತಲೆ ತಗ್ಗಿಸಿದೆ.

"ಇಲ್ಲಮ್ಮ, ನಿಂದೇ ಚೆನ್ನಾಗಿರುತ್ತೆ." ಮೊಮ್ಮಗಳು ತುಟಿಯ ಕ್ರೀಮು ನೆಕ್ಕಿಕೊಂಡಳು. "ಆದ್ರೆ ನಿಂದು ತಿನ್ನೋವಾಗ ನೀನು ಮಲಗಿಬಿಟ್ಟಿರ್ತೀಯಲ್ಲ."

ನಿಜವೇ. ಹೋದ ವರ್ಷ ಕೇಕು ಕತ್ತರಿಸುವ ಹೊತ್ತಿಗೆ ಅವಳು ಕ್ರೀಮು ಮೆತ್ತಿದ ಬಟ್ಟೆಯಲ್ಲೇ ಒಳಗೆ ನಿದ್ದೆ ಹೋಗಿದ್ದಳು. ಪಾಪ, ಮಲಗಿಕೊಳ್ಳಲಿ ಎಂದು ನಾವು ಯಾರೂ ಎಬ್ಬಿಸಿರಲಿಲ್ಲ.