ಹಕ್ಕಿ ಕಾಯುವ ಅಟ್ಟ

ಇವತ್ತು ಪಕ್ಕದ ಹೊಲದಲ್ಲಿ ಯಾರೋ ಸಗಣಿ ಕುಳ್ಳಿನ ಕೆಂಡದಲ್ಲಿ ಎಳೆಯ ಜೋಳದ ತೆನೆ ಸುಡುತ್ತಿದ್ದರು. ಆ ಸೀತನಿಯ ವಾಸನೆ ಮೂಗಿಗೆ ಬಡಿದದ್ದೇ, ನಾನು ಸವಡಿಯ ನಮ್ಮ ಹೊಲದಲ್ಲಿ, ಹಕ್ಕಿ ಕಾಯುವ ಅಟ್ಟದ ಮೇಲೆ, ಆಯಿಯ ಮಗ್ಗುಲಲ್ಲಿದ್ದೆ.

ಕುಂಪಣಿ ಸರಕಾರದ ಕಾಲ ಅದು. ಆಯಿ ಎಂದರೆ ಅಪ್ಪನ ತಾಯಿ. ಜೋಳ ಹಾಲುಗಾಳಾದ ದಿನದಿಂದ ಕವಣೆ ಹಿಡಿದು ಅಟ್ಟ ಏರುತ್ತಿದ್ದಳು. ಅವಳು ಕೂಗಿದರೆ ಗಿಳಿ, ಗುಬ್ಬಿಗಳು ಒಮ್ಮೆಲೇ ಏಳುತ್ತಿದ್ದವು. ಗಂಡ ಹೋದ ಮೇಲೆ ಮನೆಯಲ್ಲಿ ಬಾಯಿ ಬಿಡದವಳು ದಿನವಿಡೀ ಅವುಗಳನ್ನು ಬೈಯುತ್ತ ಕೂತಿರುತ್ತಿದ್ದಳು.

ಒಂದು ವರ್ಷ ಅಪ್ಪ ಜೋಳ ಬಿಟ್ಟು ಪೂರಾ ಹೊಲಕ್ಕೆ ವಿಲಾಯತಿ ಹತ್ತಿ ಹಾಕಿದ. ರೊಟ್ಟಿಯ ಜೋಳ ರೋಣದ ಸಂತೆಯಿಂದ ಬಂತು. ಆದರೂ ಆಯಿ ಕವಣೆ ಹಿಡಿದು ಹೊರಟಳು.

“ಯವ್ವಾ, ಹತ್ತಿ ಯಾವ ಹಕ್ಕಿ ತಿಂತೈತಿ? ಮನ್ಯಾಗ ಕುಂದರು,” ಎಂದ ಅಪ್ಪ.

ಅವಳು ನಿಲ್ಲಲಿಲ್ಲ. ನಾನು ಹಿಂದೆ ಹೋದೆ. ಹತ್ತಿ ಒಡೆದು ಬೆಳ್ಳಗಾದ ಹೊಲದ ನಡುವೆ, ಅಟ್ಟದ ಮೇಲೆ ಕೂತ ಆಯಿ ಉಡಿಯಿಂದ ಸಂತೆಯ ಜೋಳ ತೆಗೆದು ಕೆಳಗೆ ಚೆಲ್ಲುತ್ತಿದ್ದಳು.

“ಯಾಕ ಆಯಿ?”

“ಬೈಯಾಕರ ಯಾರರ ಬೇಕಲ್ಲವ್ವಾ.”

ಸೀತನಿ ಸುಟ್ಟವರು ನನಗೂ ಒಂದು ತೆನೆ ಕೊಟ್ಟು ಹೋದರು. ತಿನ್ನಲಿಲ್ಲ. ಕಾಳು ಬಿಡಿಸಿ ಅಂಗಳಕ್ಕೆ ಚೆಲ್ಲಿ ಒಬ್ಬಳೇ ಕೂತಿದ್ದೇನೆ.