ಬುತ್ತಿ ಕಟ್ಟಿಕೊಂಡು ಬರುವ ಅಕ್ಕೋರು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಜೇವರ್ಗಿ ತಾಲ್ಲೂಕಿನ ಕೊಳಕೂರಿನಲ್ಲಿ ಒಂದು ತಗಡಿನ ಶೆಡ್ಡಿನ ಮುಂದೆ ಹಳೆಯ ಸ್ಕೂಟಿಯೊಂದು ಬಂದು ನಿಲ್ಲುತ್ತದೆ. ಇಳಿದ ಹೆಂಗಸು ಬಾಗಿಲು ಬಡಿಯುವುದಿಲ್ಲ, ಯಾರನ್ನೂ ಕೂಗುವುದಿಲ್ಲ. ತಗಡಿಗೆ ಕಿವಿ ಹಚ್ಚಿ ನಿಲ್ಲುತ್ತಾರೆ. ಒಳಗೆ ಮಷಿನ್ನಿನ ಗರಗರ ಸದ್ದು. ಅದು ಒಂದು ಸಲ ತಡವರಿಸಿ ಮತ್ತೆ ಓಡುತ್ತದೆ. "ನಡದದ" ಎಂದು ತಮಗೆ ತಾವೇ ಹೇಳಿಕೊಂಡು ಅವರು ಸ್ಕೂಟಿಯ ಕೊಕ್ಕೆಯಿಂದ ಎರಡು ಚೀಲ ಬಿಡಿಸಿಕೊಳ್ಳುತ್ತಾರೆ. ಒಂದರಲ್ಲಿ ಕಾಗದಪತ್ರ. ಇನ್ನೊಂದರಲ್ಲಿ ಸ್ಟೀಲಿನ ಬುತ್ತಿ ಡಬ್ಬಿ.

ಇವರು ಪಂಚಶೀಲಾ. ವಯಸ್ಸು ಮೂವತ್ತೆಂಟು, ಊರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ನಿನ್ನೆ ಸಂಜೆಯೇ ಜೇವರ್ಗಿಗೆ ಬಂದು ತಂಗಿಯ ಮನೆಯಲ್ಲಿ ಉಳಿದು, ನಸುಕಿನಲ್ಲಿ ಇಲ್ಲಿಗೆ ಹೊರಟಿದ್ದಾರೆ. ಶೆಡ್ಡು ಮಾಳಮ್ಮನದು. ಮಾಳಮ್ಮ ಮತ್ತು ಆರು ಮಂದಿ ಹೆಣ್ಣುಮಕ್ಕಳು ಸೇರಿ ಇಲ್ಲಿ ದಿನಕ್ಕೆ ಒಂದೂವರೆ ಸಾವಿರ ಜೋಳದ ರೊಟ್ಟಿ ಮಾಡಿ, ಖಡಕ್ಕಾಗಿ ಒಣಗಿಸಿ, ಕಲಬುರಗಿಯ ಖಾನಾವಳಿಗಳಿಗೂ ಹಾಸ್ಟೆಲುಗಳಿಗೂ ಕಳಿಸುತ್ತಾರೆ. ಕೇಳಿಕೆ ಇರುವುದು ಮೂರು ಸಾವಿರಕ್ಕೆ. ಅದಕ್ಕೆ ಎರಡನೇ ಮಷಿನ್ ಬೇಕು, ಶೆಡ್ಡು ಇನ್ನೊಂದು ಅಂಕಣ ಬೆಳೆಯಬೇಕು. ಸಣ್ಣ ಉದ್ದಿಮೆ ಬೆಳೆಸುವವರಿಗೆಂದು ಇರುವ ಸರ್ಕಾರದ ಸಹಾಯಧನಕ್ಕೆ ಅರ್ಜಿ ಹೋಗಿದೆ. ಮೊದಲ ತಪಾಸಣೆಯಲ್ಲಿ ಅದು ಬಿದ್ದುಹೋಯಿತು. ಇಂದು ಎರಡನೆಯದು, ಕೊನೆಯದು. ಇಂದೂ ವರದಿ ಕೆಟ್ಟರೆ ಈ ವರ್ಷದ ಕಡತ ಮುಚ್ಚುತ್ತದೆ, ಹಾಸ್ಟೆಲಿನವರು ಬೇರೆ ಕಡೆ ಹೋಗುತ್ತಾರೆ. ಇಲ್ಲಿನ ಏಳು ಮಂದಿಯಲ್ಲಿ ಮೂವರು ಪುಣೆಯ ಕಟ್ಟಡದ ಕೆಲಸ ಬಿಟ್ಟು ಬಂದವರು. ಅವರು ಮತ್ತೆ ಗಂಟು ಕಟ್ಟಬೇಕಾಗುತ್ತದೆ.

ಪಂಚಶೀಲಾ ಅವರ ಕೆಲಸಕ್ಕೆ ಸರ್ಕಾರಿ ಕಾಗದದಲ್ಲಿ ಸಂಪನ್ಮೂಲ ವ್ಯಕ್ತಿ ಎಂಬ ಹೆಸರಿದೆ. ಊರಿನ ಮಂದಿಗೆ ಅವರು ಅರ್ಜಿ ಅಕ್ಕೋರು. ನೌಕರಿ ಅಲ್ಲ, ಕರಾರು. ಒಂದು ಅರ್ಜಿ ಮಂಜೂರಾದರೆ ಇಷ್ಟು ಗೌರವಧನ. ಆಗದಿದ್ದರೆ ಓಡಾಡಿದ ಪೆಟ್ರೋಲು ಅವರದೇ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಅವರ ಪಾಲಿಗಿವೆ. ದಿನಕ್ಕೆ ಸುಮಾರು ತೊಂಬತ್ತು ಕಿಲೋಮೀಟರು, ಮೂರು ಊರು, ನಲವತ್ತಕ್ಕೆ ಕಡಿಮೆ ಇಲ್ಲದ ಫೋನು. ನಾಲ್ಕು ವರ್ಷಗಳಲ್ಲಿ ಅವರು ಬರೆಸಿದ ಅರ್ಜಿ ಇನ್ನೂರ ಹನ್ನೊಂದು, ಮಂಜೂರಾದದ್ದು ತೊಂಬತ್ತಾರು. ಸಂಖ್ಯೆ ಹೇಳುವಾಗ ಅವರು ವಹಿ ತೆರೆದು ತೋರಿಸುತ್ತಾರೆ, ಬಿದ್ದುಹೋದ ನೂರ ಹದಿನೈದರ ಹೆಸರನ್ನೂ.

ಅವರ ಚೀಲದೊಳಗೆ ಏನೇನಿದೆ ಎಂದು ನೋಡುವುದೇ ಒಂದು ಕುತೂಹಲ. ಅಂಟು, ಇಂಕ್ ಪ್ಯಾಡು, ಶೆಡ್ಡಿನ ಅಳತೆಗೆ ಟೇಪು, ಟಾರ್ಚು, ಆಧಾರ್ ಕಾರ್ಡಿನ ಸಣ್ಣ ಅಕ್ಷರಕ್ಕೆ ಒಂದು ಭೂತಗನ್ನಡಿ. ಬ್ಯಾಂಕಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇರುವ ಕಾರಣಕ್ಕೆ ವಾಪಸಾದ ಅರ್ಜಿಗಳೇ ಮೊದಲ ವರ್ಷ ಹದಿನೇಳು. ಈಗ ಅವರು ಯಾರ ಮನೆಗೆ ಹೋದರೂ ಮೊದಲು ಕಾರ್ಡು ಕೇಳಿ ನೋಡುತ್ತಾರೆ. ಆಮೇಲೆ ಮೂರು ಪ್ರಶ್ನೆ. ನೀವು ನಾಲ್ಕು ದಿನ ಊರಲ್ಲಿ ಇಲ್ಲದಿದ್ದರೆ ಮಷಿನ್ ಯಾರು ನಡೆಸುತ್ತಾರೆ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ನಿಮ್ಮ ಗುರುತಿಲ್ಲದವರು ಯಾರಾದರೂ ಇದನ್ನು ಕೊಂಡಿದ್ದಾರೆಯೇ?

ಅಫಜಲಪುರದಲ್ಲಿ ಮಸಾಲೆ ಖಾರ ಕುಟ್ಟುವ ನಜಮುನ್ನಿಸಾ ಅವರಿಗೆ ಮೊದಲ ಪ್ರಶ್ನೆ ಕೇಳಿದಾಗ ಆಕೆ ಸೊಸೆ ಮೆಹನಾಜಳ ಕಡೆ ಕೈ ತೋರಿಸಿದರಂತೆ. ಖಾರದ ಘಾಟಿಗೆ ಸೀನುತ್ತ ನಿಂತಿದ್ದ ಸೊಸೆ, ಅತ್ತೆ ನಾಲ್ಕು ದಿನ ಊರಲ್ಲಿ ಇರುವುದಿಲ್ಲ ಎಂದು ಬರೆದುಕೊಟ್ಟರೆ ಹತ್ತು ಮಷಿನ್ ಬೇಕಾದರೂ ನಡೆಸುವುದಾಗಿ ಹೇಳಿದಳಂತೆ. ಅತ್ತೆಯೇ ಮೊದಲು ನಕ್ಕರು. ಆ ಅರ್ಜಿ ಮಂಜೂರಾಯಿತು. ಈಗ ಅಲ್ಲಿ ಎರಡು ಮಷಿನ್ ಇವೆ, ಒಂದನ್ನು ಸೊಸೆಯೇ ನೋಡಿಕೊಳ್ಳುತ್ತಾಳೆ.

ಈ ಪ್ರಶ್ನೆಗಳನ್ನು ಪಂಚಶೀಲಾ ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಅಪ್ಪ ಮಲ್ಕಪ್ಪ ತೊಗರಿ ಹೊಲದಲ್ಲಿ ಕೂಲಿ ಮಾಡಿ ಮಗಳನ್ನು ಬಿ.ಎ. ಓದಿಸಿದರು. ಓದು ಮುಗಿಸಿ, ಆಳಂದದ ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ದುಡಿದು, ಅವರು ತಮ್ಮದೇ ಶೇಂಗಾ ಚಟ್ನಿಯ ಉದ್ದಿಮೆಗೆ ಅರ್ಜಿ ಹಾಕಿದರು. ಮೂರು ಸಲ ವಾಪಸ್ ಬಂತು. ಏನು ತಪ್ಪಿದೆ ಎಂದು ಯಾರೂ ಹೇಳಲಿಲ್ಲ. ಪ್ರತಿ ಸಲ ಹೊಸದೊಂದು ಕಾಗದ ಕೇಳಿದರು. ನಾಲ್ಕನೆಯ ಸಲಕ್ಕೆ ಎಲ್ಲ ಕಾಗದವೂ ಕೂಡಿ ಬಂದಿತ್ತು, ಆದರೆ ಆ ವರ್ಷದ ಅವಧಿ ಮುಗಿದಿತ್ತು. ನಿಯಮಗಳೆಲ್ಲ ನಿಮಗೆ ಬಾಯಿಪಾಠ ಆಗಿವೆ, ನೀವೇ ಈ ಕೆಲಸಕ್ಕೆ ಬನ್ನಿ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಚಟ್ನಿ ಅಲ್ಲಿಗೇ ನಿಂತಿತು.

ಇನ್ನು ಬುತ್ತಿಯ ಮಾತು. ಪಂಚಶೀಲಾ ಅರ್ಜಿದಾರರ ಮನೆಯಲ್ಲಿ ನೀರು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಬಂದವರಿಗೆ ಉಣ್ಣಿಸದೆ ಕಳಿಸುವುದು ಈ ಸೀಮೆಯಲ್ಲಿ ಆಗದ ಮಾತು, ಉಣ್ಣದೆ ಏಳುವುದಂತೂ ಮುನಿಸೇ ಸರಿ. ಆದರೂ ನಾಲ್ಕು ವರ್ಷದಿಂದ ಅವರು ಕಟ್ಟೆಯ ಮೇಲೋ ಬೇವಿನ ಗಿಡದ ಕೆಳಗೋ ಕೂತು ತಮ್ಮ ಡಬ್ಬಿ ಬಿಚ್ಚುತ್ತಾರೆ. ಮಂಜೂರಾತಿ ಪತ್ರ ಬಂದ ಮೇಲೆ ಉಣ್ಣುತ್ತೇನೆ ಎನ್ನುತ್ತಾರೆ. ಪತ್ರ ಬರುವ ಹೊತ್ತಿಗೆ ಅವರು ಇನ್ನೊಂದು ಊರಿನಲ್ಲಿರುತ್ತಾರೆ.

"ಉಂಡು ಅರ್ಜಿ ಬರದ್ರ, ಬರದಿದ್ದು ಖರೆ ಇದ್ದರೂ ಮಂದಿ ನಂಬೂದಿಲ್ರಿ" ಎನ್ನುವುದು ಅವರು ಕೊಡುವ ಕಾರಣ. ಇನ್ನೊಂದು ಕಾರಣ ಇದೆ. ಅದನ್ನು ಅವರು ಬಹಳ ತಡವಾಗಿ, ಬೇರೆ ಏನೋ ಮಾತಿನ ನಡುವೆ ಹೇಳುತ್ತಾರೆ. ಮೊದಲ ವರ್ಷ ಒಂದು ಮನೆಯಲ್ಲಿ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಇವರಿಗೆ ಕಾಗದದ ಕಪ್ಪಿನಲ್ಲಿ. ಇನ್ನೊಂದು ಮನೆಯಲ್ಲಿ ಊಟದ ಹೊತ್ತಿಗೆ ಬಿಸ್ಕಿಟ್ ಪುಡಿಕೆ ಕೈಗೆ ಬಂತು. ಯಾರೂ ಏನೂ ಅಂದಿರಲಿಲ್ಲ. "ನಾನೇ ಮೊದಲ ಬ್ಯಾಡ ಅಂದ್ಬಿಟ್ರ ಅವರಿಗೂ ಸಲೀಸು, ನನಗೂ ಸಲೀಸು" ಎನ್ನುತ್ತಾರೆ. ಹೇಳುವಾಗ ದನಿಯಲ್ಲಿ ಸಿಟ್ಟಿಲ್ಲ. ಡಬ್ಬಿಯ ಮುಚ್ಚಳ ಮಾತ್ರ ಎರಡು ಸಲ ಗಟ್ಟಿ ಮಾಡುತ್ತಾರೆ.

ಮೊದಲ ತಪಾಸಣೆಯಲ್ಲಿ ಏನಾಯಿತು? ಎರಡು ತಿಂಗಳ ಹಿಂದೆ ಪಂಚಶೀಲಾ ಮಾಳಮ್ಮನಿಗೆ ಫೋನು ಮಾಡಿ, ಸಾಹೇಬರು ಬರುತ್ತಾರೆ, ಎಲ್ಲ ಸ್ವಚ್ಛವಿರಲಿ ಎಂದರು. ಮಾಳಮ್ಮ ಹಿಂದಿನ ದಿನವೇ ಮಷಿನ್ ನಿಲ್ಲಿಸಿ, ತೊಳೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಧೂಳು ಬೀಳದ ಹಾಗೆ ಹೊಸ ಚಾದರ ಹೊದಿಸಿದರು. ತಪಾಸಣೆಗೆ ಬಂದ ಅಧಿಕಾರಿ ಸತೀಶಕುಮಾರ ಅವರ ಮುಂದೆ ಏಳೂ ಮಂದಿ ಸಾಲಾಗಿ ಕೂತು ಕೈಯಿಂದ ರೊಟ್ಟಿ ಬಡಿದರು. ಜೊತೆಗೆ ಎಣ್ಣೆಗಾಯಿ, ಗಟ್ಟಿ ಮೊಸರು, ಕೆಂಪು ಚಟ್ನಿ. ಅವರು ನಾಲ್ಕು ರೊಟ್ಟಿ ಉಂಡು ಬಾಯಿತುಂಬ ಹೊಗಳಿದರು. ಆಮೇಲೆ ಕಣ್ಣಿಗೆ ಕಂಡದ್ದನ್ನೇ ಬರೆದರು: ಯಂತ್ರ ಬಳಕೆಯಲ್ಲಿಲ್ಲ, ಉತ್ಪಾದನೆ ಕೈಯಿಂದಲೇ. ಇರುವ ಮಷಿನ್ನೇ ನಡೆಯದಿದ್ದರೆ ಇನ್ನೊಂದನ್ನು ಯಾರು ಕೊಡುತ್ತಾರೆ?

ಆಳಂದದಿಂದ ಹೊರಟ ಪಂಚಶೀಲಾ ತಲುಪುವ ಹೊತ್ತಿಗೆ ಎಲೆ ಅಡಿಕೆ ನಡೆದಿತ್ತು. ಚಾದರದ ಕೆಳಗಿನ ಮಷಿನ್ ನೋಡಿಯೇ ಕೆಲಸ ಕೆಟ್ಟಿತೆಂದು ಅವರಿಗೆ ತಿಳಿಯಿತು. ಹೀಗ್ಯಾಕೆ ಮಾಡಿದಿರಿ ಎಂದು ಕೇಳಿದರೆ ಮಾಳಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಮನಿಗಿ ಬಂದ ಮಂದಿಗಿ ಮಷಿನ್ ರೊಟ್ಟಿ ಹಾಕ್ತಾರೇನ್ರಿ ಅಕ್ಕೋರ?" ಎಂದರು ಅವರು. "ಮಾರಾಟದ್ದು ಬ್ಯಾರೆ. ಉಣಾಕ ಹಾಕೂದು ಬ್ಯಾರೆ."

ಅಂದಿನಿಂದ ಪಂಚಶೀಲಾ ಅವರಿಗೆ ನಿದ್ದೆ ಸರಿಯಾಗಿಲ್ಲ. ತಪ್ಪು ಮಾಳಮ್ಮನದಲ್ಲ, ಸಾಹೇಬರದೂ ಅಲ್ಲ, ತಮ್ಮದು ಎನ್ನುತ್ತಾರೆ. "ಸ್ವಚ್ಛ ಇಡ್ರಿ ಅಂದೆ. ನಡಸ್ರಿ ಅನ್ನಲಿಲ್ಲ. ಅದೊಂದು ಮಾತು ಉಳೀತ್ರಿ." ಆ ಒಂದು ಮಾತಿಗಾಗಿ ಅವರು ಆರು ತಿಂಗಳ ಕರೆಂಟಿನ ಬಿಲ್ಲು ಕೂಡಿಸಿದರು, ಗಿರಣಿಯಿಂದ ಹಿಟ್ಟಿನ ಚೀಟಿ ತಂದರು, ಮರುತಪಾಸಣೆಗೆ ಮನವಿ ಬರೆದರು. ಅಡಚಣೆ ಇನ್ನೊಂದಿತ್ತು. ಊರಿಗೆ ತ್ರೀ-ಫೇಸ್ ಕರೆಂಟು ಗಟ್ಟಿಯಾಗಿ ಬರುವುದು ನಸುಕಿನ ಮೂರರಿಂದ ಎಂಟರವರೆಗೆ, ಸಾಹೇಬರು ಬರುವುದು ಹನ್ನೊಂದಕ್ಕೆ. ಮೂರು ಸಲ ಕಚೇರಿಯ ಬಾಗಿಲಲ್ಲಿ ನಿಂತು, ಬೆಳಗಿನ ಐದಕ್ಕೆ ಬನ್ನಿ ಎಂದು ಕೇಳಿಕೊಂಡರು. ಮೂರನೇ ಸಲ ಸತೀಶಕುಮಾರ ಪೆನ್ನು ಕೆಳಗಿಟ್ಟು, ಐದಕ್ಕೆ ತಪಾಸಣೆ ಮಾಡಿದ್ದನ್ನು ಎಲ್ಲಾದರೂ ಕೇಳಿದ್ದೀರಾ ಎಂದರು.

"ರೊಟ್ಟಿ ಐದಕ್ಕs ಆಗ್ತಾವ್ರಿ ಸರ" ಎಂದರು ಪಂಚಶೀಲಾ. "ನಾವು ನೋಡಾಕ ಬರೂದು ತಡಾ."

ಐದೂ ಮುಕ್ಕಾಲಿಗೆ ಜೀಪು ಬರುತ್ತದೆ. ಹಾರವಿಲ್ಲ, ಚಾದರವಿಲ್ಲ, ಎಣ್ಣೆಗಾಯಿ ಇಲ್ಲ. ಶೆಡ್ಡಿನ ತುಂಬ ಹಿಟ್ಟು ಹಾರಾಡುತ್ತಿದೆ. ಹೆಣ್ಣುಮಕ್ಕಳ ಹುಬ್ಬಿನವರೆಗೂ ಬಿಳುಪು. ಮಾಳಮ್ಮನ ಜೀವ ಮಾತ್ರ ನಿಂತಲ್ಲಿ ನಿಲ್ಲುತ್ತಿಲ್ಲ. ಬಂದ ಮನುಷ್ಯ ಬರಿಗೈಯಲ್ಲಿ ನಿಂತಿದ್ದಾನೆ, ನಾನು ಮಷಿನ್ ತಿರುವುತ್ತಿದ್ದೇನೆ! ಚೊಂಬಿನಲ್ಲಿ ನೀರು ಹಿಡಿದು ಎರಡು ಸಲ ಮುಂದೆ ಬರುತ್ತಾರೆ, ಎರಡು ಸಲವೂ ಪಂಚಶೀಲಾ ಕಣ್ಣಿನಲ್ಲೇ ಹಿಂದಕ್ಕೆ ಕಳಿಸುತ್ತಾರೆ. ಸತೀಶಕುಮಾರ ಗಡಿಯಾರ ನೋಡಿ ನಿಮಿಷಕ್ಕೆ ಎಷ್ಟು ರೊಟ್ಟಿ ಎಂದು ಎಣಿಸುತ್ತಾರೆ. ಐದು. ಮತ್ತೆ ಎಣಿಸುತ್ತಾರೆ. ಮತ್ತೆ ಐದು.

ಆಗ ಫಟ್ಟೆಂದು ಸದ್ದಾಗಿ ಮಷಿನ್ ನಿಲ್ಲುತ್ತದೆ. ಮಾಳಮ್ಮ ಸಾಹೇಬರನ್ನು ಮರೆತೇಬಿಡುತ್ತಾರೆ. ಸೆರಗು ಸಿಕ್ಕಿಸಿ, ಕರೆಂಟು ಬಂದ್ ಮಾಡಿ, ಮೊಣಕಾಲೂರಿ ಕೂತು, ಕಳಚಿದ ಬೆಲ್ಟನ್ನು ಗಾಲಿಗೆ ಏರಿಸಿ, ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿ, ಮತ್ತೆ ಗುಂಡಿ ಒತ್ತುತ್ತಾರೆ. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಎಷ್ಟನೆಯ ಬೆಲ್ಟು ಇದು ಎಂದು ಸತೀಶಕುಮಾರ ಕೇಳುತ್ತಾರೆ.

"ನಾಕನೇದ್ರಿ. ಇದೂ ಸವದದ. ದಿನಾ ತಿರಗಿದ್ರ ಸವೀದೆ ಇರ್ತದೇನ್ರಿ?" ಎನ್ನುತ್ತಾರೆ ಮಾಳಮ್ಮ, ತಲೆ ಎತ್ತದೆ.

ಸತೀಶಕುಮಾರ ಬೆಲ್ಟಿನ ಸವೆದ ಅಂಚನ್ನು ಬಗ್ಗಿ ನೋಡಿ, ಅದರದೇ ಒಂದು ಫೋಟೊ ತೆಗೆಯುತ್ತಾರೆ. ಎಲ್ಲರ ಎದುರೇ ವರದಿ ಬರೆದು ಓದುತ್ತಾರೆ: ಯಂತ್ರ ಪ್ರತಿದಿನ ಬಳಕೆಯಲ್ಲಿದೆ, ವಿಸ್ತರಣೆಗೆ ಶಿಫಾರಸು ಮಾಡಲಾಗಿದೆ. ಆಗ ಮಾತ್ರ ಚೊಂಬಿನ ನೀರಿಗೆ ದಾರಿ ಬಿಡಲಾಗುತ್ತದೆ. ಅಂದು ಪಂಚಶೀಲಾ ಡಬ್ಬಿ ಬಿಚ್ಚಿದ್ದು ಎಂದಿನಂತೆ ಹೊರಗೆ, ಬೇವಿನ ಗಿಡದ ಕೆಳಗೆ. ಶಿಫಾರಸೆಂದರೆ ಇನ್ನೂ ಮಂಜೂರಾತಿಯಲ್ಲ.

ಮಂಜೂರಾತಿ ಪತ್ರ ಬಂದದ್ದು ಹದಿನೆಂಟು ದಿನಗಳ ನಂತರ. ಅದರ ಪ್ರತಿಗೆ ಮಾಳಮ್ಮನ ಸಹಿ ಬೇಕು. ಪಂಚಶೀಲಾ ಕೊಳಕೂರು ಮುಟ್ಟುವಾಗ ಮಧ್ಯಾಹ್ನ. ಸಹಿ ಮುಗಿಯುತ್ತದೆ. ಪುಣೆಯಿಂದ ಬಂದ ಮೂವರೂ ಪತ್ರವನ್ನು ಕೈಯಿಂದ ಕೈಗೆ ದಾಟಿಸಿ, ಓದು ಬಾರದಿದ್ದರೂ ಮೊಹರಿನ ಮೇಲೆ ಬೆರಳಾಡಿಸಿ ನೋಡುತ್ತಾರೆ. ಇನ್ನು ಉಣ್ಣದೆ ಹೋಗುವಂತಿಲ್ಲ. ಅಕ್ಕೋರಿಗೆ ನಾಲ್ಕು ಕೈರೊಟ್ಟಿ ಬಡಿಯೋಣ ಎಂದು ಒಬ್ಬಾಕೆ ಹಿಟ್ಟಿಗೆ ಕೈ ಹಾಕುತ್ತಾಳೆ. ಮಾಳಮ್ಮ ಬೇಡ ಎನ್ನುತ್ತಾರೆ. ಬೆಳಗಿನ ಮಷಿನ್ ರೊಟ್ಟಿಯ ಅಟ್ಟಿಯಿಂದ ಎರಡು ತೆಗೆದು, ತಾವು ಉಣ್ಣುವ ತಾಟಿನಲ್ಲಿಟ್ಟು, ಪಕ್ಕಕ್ಕೆ ಬೇಳೆ ಬಡಿಸಿ ಮುಂದಿಡುತ್ತಾರೆ. ಪಂಚಶೀಲಾ ಒಂದು ಗಳಿಗೆ ತಾಟು ನೋಡುತ್ತಾರೆ, ಮಾಳಮ್ಮನ ಮುಖ ನೋಡುತ್ತಾರೆ.

"ಕೈರೊಟ್ಟಿ ಬಂದ್ಹೋಗೋ ಮಂದಿಗಿ" ಎನ್ನುತ್ತಾರೆ ಮಾಳಮ್ಮ. "ಮನಿ ಮಂದಿ ನಾವು ಇದನ್ನs ಉಣ್ತೇವಿ. ಕುಂದ್ರು ಬೇ. ಉಣ್ಣು."

ಪಂಚಶೀಲಾ ಕೂರುತ್ತಾರೆ. ಅವರು ರೊಟ್ಟಿ ಮುರಿಯುವ ಹೊತ್ತಿಗೆ ಮಾಳಮ್ಮ ಕೈ ಚಾಚಿ ಚೀಲದಿಂದ ಬುತ್ತಿ ಡಬ್ಬಿಯನ್ನು ಎಳೆದುಕೊಂಡಿರುತ್ತಾರೆ. ಮುಚ್ಚಳ ಗಟ್ಟಿ. ಸೆರಗು ಹಿಡಿದು ತಿರುವಿ ತೆಗೆಯುತ್ತಾರೆ. ಒಳಗಿರುವುದು ಪುಂಡಿಪಲ್ಯ. ಮಷಿನ್ ರೊಟ್ಟಿಯ ಒಂದು ಚೂರಿಗೆ ಅದನ್ನು ಹಚ್ಚಿ ಬಾಯಿಗಿಟ್ಟು, ನಿಧಾನ ನುರಿಸಿ, ಯಾರು ಮಾಡಿದ್ದು ಎಂದು ಕೇಳುತ್ತಾರೆ. ಅವ್ವ ಸಕ್ಕುಬಾಯಿ ಮಾಡಿದ್ದು ಎನ್ನುತ್ತಾರೆ ಪಂಚಶೀಲಾ.

"ಉಪ್ಪು ಒಂದು ಕಲ್ಲು ಹೆಚ್ಚಾಗ್ಯದ ಅಂತ ಹೇಳು ಆಕಿಗಿ" ಎಂದ ಮಾಳಮ್ಮ ಇನ್ನೊಂದು ಚೂರು ರೊಟ್ಟಿ ಮುರಿಯುತ್ತಾರೆ. ಡಬ್ಬಿ ಖಾಲಿಯಾಗುವವರೆಗೂ ಅದನ್ನು ವಾಪಸ್ ಕೊಡುವುದಿಲ್ಲ.

ನಾಳೆ ಬೆಳಿಗ್ಗೆ ಪಂಚಶೀಲಾ ಇಜೇರಿಗೆ ಹೋಗಬೇಕು. ಅಲ್ಲೊಂದು ಸಣ್ಣ ಬೇಳೆ ಗಿರಣಿ, ಹೊಸ ಅರ್ಜಿ, ಮತ್ತೆ ಮೂರು ಪ್ರಶ್ನೆ. ಸ್ಕೂಟಿಯ ಕೊಕ್ಕೆಗೆ ಚೀಲ ಸಿಕ್ಕಿಸುತ್ತಿದ್ದವರನ್ನು, ಸರ್ಕಾರದಿಂದ ನಿಮಗೆಂದು ಏನಾದರೂ ಆಗಬೇಕೆ ಎಂದು ಕೇಳಿದರೆ ತಿರುಗಿ ನೋಡುತ್ತಾರೆ. ಕಾಯಂ ಮಾಡಲಿ ಎನ್ನುವುದಿಲ್ಲ, ಚಟ್ನಿಯ ಮಾತೂ ಎತ್ತುವುದಿಲ್ಲ. ಖಾಲಿ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡುತ್ತಾರೆ.

"ಸರ್ಕಾರದ್ದು ಏನಿಲ್ರಿ. ಸಂತ್ಯಾಗ ನಾನೇ ಒಂದು ದೊಡ್ಡ ಡಬ್ಬಿ ತಗೋಬೇಕ್ರಿ" ಎನ್ನುತ್ತಾರೆ. "ಇಬ್ಬರಿಗಿ ಆಗೂವಂಥಾದ್ದು."