ಮಿಯಾಪುರದಿಂದ ನಾಚಾರಂವರೆಗೆ ಒಂದೇ ಭಜನೆ

ನನ್ನ ಕಾರಿನ ಗೇರಿನ ಮುಂದೆ ಒಂದು ಸಣ್ಣ ತೂತಿದೆ. ಹಾಡಿನ ಡಬ್ಬಿಯಿಂದ ಬರುವ ವೈರನ್ನು ಸಿಕ್ಕಿಸಲು ಕಾರು ಮಾಡಿದವರು ಬಿಟ್ಟ ತೂತು ಅದು. ಕಾರು ನನ್ನ ಕೈಗೆ ಬಂದು ಬಹಳ ದಿನಗಳಾದರೂ ಅದರ ಉಪಯೋಗ ನನಗೆ ಗೊತ್ತಿರಲಿಲ್ಲ. ಮೊದಲಿನ ಮಾಲೀಕರಿಗೂ ಗೊತ್ತಿದ್ದಂತಿಲ್ಲ, ಪಾಪ. ಅವರು ಅದರಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದರು. ಒಳಗೆಲ್ಲ ಬೂದಿ. ನಾನೂ ಕೆಲವು ಶುಕ್ರವಾರ ಅಲ್ಲೇ ಊದಿನಕಡ್ಡಿ ಹಚ್ಚಿ, ಎಷ್ಟು ಯೋಚನೆ ಮಾಡಿ ಕಾರು ಕಟ್ಟಿದ್ದಾರೆ ಎಂದು ಮೆಚ್ಚಿಕೊಂಡಿದ್ದೆ.

ಈಗ ನಮ್ಮ ಇಡೀ ಸಂಸಾರ ಆ ತೂತಿನ ಮೇಲೆ ನಿಂತಿದೆ. ನೀವು ನಗಬಹುದು. ಬೆಳಗಿನ ಹೊತ್ತು ಕೂಕಟಪಲ್ಲಿಯ ಸಿಗ್ನಲ್ಲಿನಲ್ಲಿ ನನ್ನ ಕಾರಿನೊಳಗೆ ಬಂದು ಕೂತರೆ ನಗುವುದಿಲ್ಲ.

ನಮ್ಮ ಮನೆ ಹೈದರಾಬಾದಿನ ಮಿಯಾಪುರದಲ್ಲಿದೆ. ನಾನು ದುಡಿಯುವ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ನಾಚಾರಂನಲ್ಲಿ. ಊರಿನ ಈ ತುದಿಗೆ ಅನ್ನ, ಆ ತುದಿಗೆ ಕೆಲಸ. ಮೆಟ್ರೊ ನಮ್ಮ ಮನೆಯ ಹತ್ತಿರದಿಂದಲೇ ಹೊರಡುತ್ತದೆ, ಅದರಲ್ಲಿ ಕಣ್ಣು ಮುಚ್ಚಿ ಅರ್ಧ ದಾರಿಯಾದರೂ ಹೋಗಬಹುದಿತ್ತು. ಆದರೆ ನನ್ನ ಜತೆ ಅವ್ವ ಇರುತ್ತಾಳೆ. ಅವಳಿಗೆ ಮರೆವಿನ ಕಾಯಿಲೆ. ಮೆಟ್ರೊ ಸ್ಟೇಷನ್ನಿನಲ್ಲಿ ತಾನಾಗಿ ಏರುವ ಮೆಟ್ಟಿಲನ್ನು ನೋಡಿ, "ಇದು ಜೀವಂತ ಐತಿ, ನಾ ಒಲ್ಲೆ" ಎಂದು ಹಿಂದೆ ಸರಿದವಳು ಮತ್ತೆ ಅತ್ತ ಕಾಲಿಡಲಿಲ್ಲ.

ನನ್ನ ಹೆಂಡತಿ ಸಾವಿತ್ರಿ ಶಾಲೆಯಲ್ಲಿ ಟೀಚರು. ಹಗಲು ಅವ್ವನನ್ನು ನೋಡಿಕೊಳ್ಳುವವಳು ನಾಚಾರಂನಲ್ಲಿರುವ ನನ್ನ ತಂಗಿ ಗಿರಿಜಾ. ಹಾಗಾದರೆ ಅವ್ವ ಅಲ್ಲಿಯೇ ಇರಬಾರದೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಮಗಳ ಮನೆಯಲ್ಲಿ ರಾತ್ರಿ ತಂಗಬಾರದು ಎಂಬುದು ಅವ್ವನ ಕಾಲದ ರಿವಾಜು. ಅವಳು ನಮ್ಮೂರು ಲಿಂಗಸುಗೂರನ್ನು ಬಿಟ್ಟು ಬಂದದ್ದು ಮರೆತಿದ್ದಾಳೆ, ಅಪ್ಪ ತೀರಿಕೊಂಡದ್ದು ಮರೆತಿದ್ದಾಳೆ, ನನ್ನ ಹೆಸರು ಮರೆತಿದ್ದಾಳೆ. ಇದೊಂದನ್ನು ಮಾತ್ರ ಮರೆತಿಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ಸೆರಗು ಸರಿ ಮಾಡಿಕೊಂಡು ಗಿರಿಜೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಬಂಗಾರವನ್ನೆಲ್ಲ ಒಯ್ದು, ಕಸಬರಿಗೆಯನ್ನು ಜೋಪಾನವಾಗಿ ಮೂಲೆಯಲ್ಲಿ ನಿಲ್ಲಿಸಿ ಹೋದ ಕಳ್ಳನ ಹಾಗೆ ಈ ಮರೆವು.

ಹೀಗಾಗಿ ದಿನಾ ಬೆಳಿಗ್ಗೆ ಅವ್ವನನ್ನು ಒಯ್ಯುವುದು, ಸಂಜೆ ತರುವುದು. ಹಿಂದಿನ ಸೀಟಿನಲ್ಲಿ ಹೊಟ್ಟೆ ತೊಳಸುತ್ತದೆಂದು ನನ್ನ ಪಕ್ಕ ಮುಂದೆಯೇ ಕೂಡುತ್ತಾಳೆ. ಕಾರು ಓಡುವಾಗ ತೊಂದರೆ ಇಲ್ಲ. ನಿಂತರೆ ಮುಗಿಯಿತು, ಬಾಗಿಲಿಗೆ ಕೈ ಹೋಗುತ್ತದೆ. ಹೈದರಾಬಾದಿನಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

"ಇಲ್ಲೇ ಬಾಜೂಕ ನಿಲ್ಲಸ್ರಿ ಡ್ರೈವರ್ರ, ನಮ್ಮ ಓಣಿ ಬಂತು."

"ಅವ್ವಾ, ಇದು ಎರ್ರಗಡ್ಡ."

"ನಿಮಗೇನ್ ಗೊತ್ರಿ, ನೀವು ಹೊಸಬ್ರು."

ಹುಟ್ಟಿದಂದಿನಿಂದ "ಏ ಸಂಗ್ಯಾ" ಎಂದು ಕರೆದ ಬಾಯಿ ಅದು. ನೆರೆಯವರ ಮುಂದೆ ಮರ್ಯಾದೆಯಿಂದ ಕರೆಯವ್ವಾ ಎಂದು ಒಂದು ಕಾಲದಲ್ಲಿ ನಾನೇ ಜಗಳ ಮಾಡಿದ್ದುಂಟು. ಈಗ ಬೇಡವೆಂದರೂ ಮರ್ಯಾದೆ ಸಿಗುತ್ತಿದೆ. ಅಷ್ಟೊಂದು ಮರ್ಯಾದೆ ತಾಯಿಯಿಂದ ಬಂದರೆ ಮನುಷ್ಯನಿಗೆ ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಹಿಂದಿನ ಬಾಗಿಲುಗಳಿಗೆ ಮಕ್ಕಳು ತೆಗೆಯದಂತೆ ಹಾಕುವ ಲಾಕು ಇದೆ. ಒಂದು ದಿನ ಅವಳನ್ನು ಹಿಂದೆ ಕೂರಿಸಿ ಅದನ್ನು ಹಾಕಿದೆ. ಸಿಗ್ನಲ್ಲಿನಲ್ಲಿ ಅವ್ವ ಎರಡೂ ಕೈಯಿಂದ ಗಾಜು ಬಡಿದಳು. "ಯಾಕ ಕೂಡಿ ಹಾಕೀರಿ ನನ್ನ, ನಾ ಏನ್ ಮಾಡೀನ್ರಿ?" ಎಂದು ಅತ್ತಳು. ಪಕ್ಕದ ಆಟೋದವನು ಇಳಿದು ಬಂದು ನನ್ನ ಮುಖವನ್ನೂ ಗಾಡಿಯ ನಂಬರನ್ನೂ ನೋಡಿದ. ಆ ಲಾಕಿಗೆ ನಾನು ಮತ್ತೆ ಕೈ ಹಚ್ಚಲಿಲ್ಲ. ಆ ವಾರವೇ ಸಾವಿತ್ರಿ ಮಕ್ಕಳ ನೋಟುಬುಕ್ಕು ತಿದ್ದುತ್ತ, ತಲೆ ಎತ್ತದೆ ಹೇಳಿದಳು, "ಒಂದಿನ ಆಕಿ ರೋಡಿಗೆ ಇಳದ ಬಿಟ್ರ ಏನ್ ಮಾಡ್ತೀರಿ? ನಾನ ಕೆಲಸಾ ಬಿಡ್ತೀನಿ ಬಿಡ್ರಿ." ಆ ಕೆಲಸಕ್ಕಾಗಿ ಅವಳು ಎಷ್ಟು ಬಾಗಿಲು ತಟ್ಟಿದ್ದಳೆಂದು ನನಗೆ ಗೊತ್ತು. ಕಾರಿನ ಒಂದು ಬಾಗಿಲು ಮುಚ್ಚಿರಲೆಂದು ಅವಳ ಬಾಗಿಲನ್ನು ಮುಚ್ಚಬೇಕೇ?

ದಾರಿ ತೋರಿಸಿದವಳು ಅವ್ವನೇ. ಗಿರಿಜಾ ಹಿಂದೆ ಊರಿಗೆ ಹೋದಾಗಲೆಲ್ಲ ಸೋಮವಾರದ ಭಜನೆಯನ್ನು ಫೋನಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ಭಜನೆಗೆ ಅವ್ವನೇ ಮುಂದಾಳು. ಪದದ ಹಿಂದೆ ನಾಯಿ ಬೊಗಳುತ್ತದೆ, ಯಾರದೋ ಮನೆಯ ಕುಕ್ಕರು ಕೂಗುತ್ತದೆ, ನಡುನಡುವೆ ಅವ್ವ "ಏ, ತಾಳ ಸರಿ ಬಡೀರ್‍ಯೋ, ಕೈಯಾಗ ಜೀವ ಇಲ್ಲೇನು?" ಎಂದು ಬೈಯುತ್ತಾಳೆ. ಒಂದು ಬೆಳಿಗ್ಗೆ ಆ ಪದಗಳನ್ನು ನನ್ನ ಫೋನಿಗೆ ಹಾಕಿಕೊಂಡು ಕಾರಿನಲ್ಲಿ ಫೋನಿನಿಂದಲೇ ದೊಡ್ಡದಾಗಿ ಹಚ್ಚಿದೆ. ಕೂಕಟಪಲ್ಲಿ ಬಂತು, ಕಾರು ನಿಂತಿತು. ಅವ್ವ ಬಾಗಿಲು ಮುಟ್ಟಲಿಲ್ಲ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದಳು.

ಕಾರಣ ನನಗೆ ಹೊಳೆಯಲು ಎರಡು ಸಿಗ್ನಲ್ಲು ಬೇಕಾಯಿತು. ನಮ್ಮ ಕಡೆ ಭಜನೆಗೆ ಕೂತವರು ಮಂಗಳದ ಪದ ಆಗುವವರೆಗೆ ಏಳುವಂತಿಲ್ಲ. ನಡುವೆ ಎದ್ದವರನ್ನು ಅವ್ವ ನೋಡುತ್ತಿದ್ದ ನೋಟಕ್ಕೆ ಹೆದರಿ ನಾನು ಎಷ್ಟೋ ಸೋಮವಾರ ಎರಡೂ ಕಾಲು ಹೆಣೆದುಕೊಂಡು, ಬೆವರುತ್ತ ಕೂತಿದ್ದೇನೆ. ಆ ಕಾಯಿದೆಯನ್ನೂ ಮರೆವಿನ ಕಳ್ಳ ಮುಟ್ಟಿರಲಿಲ್ಲ.

ಆದರೆ ಫೋನೆಂದರೆ ಫೋನು. ತಾರ್ನಾಕಾ ದಾಟುವಾಗ ಪದ ನಿಂತು ಕರೆ ಬಂತು, ಸ್ಪೀಕರ್ ಒತ್ತಿದ್ದೇ ಕಾರಿನ ತುಂಬ ನಮ್ಮ ಸೂಪರ್‌ವೈಸರನ ದನಿ ಮೊಳಗಿತು: "ಅನ್ನಾ, ಎಕ್ಕಡುನ್ನಾವ್? ಲೋಡಿಂಗ್ ಬಂಡಿ ವಚ್ಚಿಂದಿ!" ಎಲ್ಲಿದ್ದೀಯ, ಲೋಡಿಂಗ್ ಗಾಡಿ ಬಂತು ಎಂದು. ಅವ್ವ ಕೆಂಡವಾದಳು. "ಭಜನಿ ನಡದೈತಿ, ಯಾವನಂವ? ಹೊರಗ ಹಾಕ್ರಿ ಅವನ್ನ!" ಎಂದು ತಾನೇ ಇಳಿದು ಹಾಕಲು ಹೊರಟಳು. ರಟ್ಟೆ ಹಿಡಿದು ಕೂರಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ಸೂಪರ್‌ವೈಸರನಿಗೆ ಕನ್ನಡ ಬರುವುದಿಲ್ಲ, ಆದರೆ ಬೈಗುಳಕ್ಕೆ ಯಾವ ಭಾಷೆ? ಈಗಲೂ ಫೋನು ಮಾಡಿದರೆ ಮೊದಲು ಮೆಲ್ಲಗೆ, "ಭಜನ ಅಯಿಪೋಯಿಂದಾ ಅನ್ನಾ?" ಎಂದು ಭಜನೆ ಮುಗಿದಿದೆಯೇ ಎಂದು ಕೇಳಿಯೇ ಮುಂದಿನ ಮಾತು.

ಫೋನು ಬರದ, ಹಾಡು ಮಾತ್ರ ಹಾಡುವ ಯಂತ್ರ ಬೇಕಾಯಿತು. ಬೆಂಕಿಪೊಟ್ಟಣದಷ್ಟಿರುವ ಹಳೆಯ ಹಾಡಿನ ಡಬ್ಬಿಯೊಂದು ಸಾವಿತ್ರಿಯ ಟ್ರಂಕಿನಲ್ಲಿತ್ತು. ಅದನ್ನು ಹಿಡಿದುಕೊಂಡು ನಾಂಪಲ್ಲಿಯ ಕಡೆ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಸತ್ತ ಜೀರುಂಡೆಯನ್ನು ನೋಡುವ ಹಾಗೆ ನೋಡಿದರು. "ಯೇ ಡಬ್ಬಾ ಫೇಂಕ್ ದೇವ್ ಸಾಬ್, ನಯಾ ಸೆಟ್ ಡಾಲ್ತೂಂ. ವೈರ್ ಕಾ ಝಂಝಟ್‌ಚ್ ನಹೀಂ," ಎಂದರು.

ಇದನ್ನು ಎಸೆದು ಹೊಸ ಸೆಟ್ಟು ಹಾಕಿಸಬೇಕಂತೆ, ವೈರಿನ ರಗಳೆಯೇ ಇಲ್ಲವಂತೆ! ನನಗೆ ವೈರಿನ ಮೇಲೆಯೇ ನಂಬಿಕೆ. ಶಾಲೆ ಮುಗಿಸುವ ಮೊದಲು ನಾನು ನಮ್ಮೂರಿನ ಮೈಕ್‌ಸೆಟ್ಟಿನವರ ಜತೆ ವೈರು ಸುತ್ತಿದವನು. ಹಾಡು ನಿಂತರೆ ವೈರಿನ ಗುಂಟ ಬೆರಳಾಡಿಸುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಯಾರದೋ ಎತ್ತು ಕಾಲಿಟ್ಟಿರುತ್ತದೆ, ಅಲ್ಲಿ ಗಂಟು ಹಾಕಿದರೆ ಹಾಡು ಮತ್ತೆ ಬರುತ್ತದೆ. ವೈರಿಲ್ಲದ್ದು ಕೆಟ್ಟರೆ ಬೆರಳು ಎಲ್ಲಿಡುವುದು? ಅವ್ವನ ತಲೆಯ ಫೋಟೋವನ್ನು ಡಾಕ್ಟರು ದೀಪಕ್ಕೆ ಹಿಡಿದು ತೋರಿಸಿದಾಗಲೂ ನಾನು ಕಣ್ಣು ಕಿರಿದು ಮಾಡಿ ಹುಡುಕಿದೆ. ಎಲ್ಲಿ ಕಡಿದಿದೆ ಎಂದು ಕಾಣಲಿಲ್ಲ.

ಗೇರಿನ ಮುಂದಿನ ತೂತು ಇರುವುದೇ ಇದಕ್ಕೆಂದು ಸಾಹೇಬರಿಂದ ತಿಳಿದುಕೊಂಡು, ಎರಡೂ ತುದಿಗೆ ಮೊಳೆಯಂಥ ಪಿನ್ನಿರುವ ಒಂದು ವೈರು ಕೊಂಡು ತಂದೆ. ತೂತಿನೊಳಗಿನ ಬೂದಿಯನ್ನು ಕಿವಿಯ ಗುಗ್ಗೆ ತೆಗೆಯುವ ಕಡ್ಡಿಯಿಂದ ಕೆದರಿ ತೆಗೆದೆ. ಆದರೂ ಪಿನ್ನು ಸಡಿಲ. ನೆಟ್ಟಗೆ ಚುಚ್ಚಿದರೆ ತಾಳ ಮಾತ್ರ ಕೇಳುತ್ತದೆ, ಬಲಕ್ಕೆ ವಾಲಿಸಿದರೆ ನಾಯಿ ಮಾತ್ರ ಬೊಗಳುತ್ತದೆ. ಎಡಕ್ಕೆ ತುಸು ಬಗ್ಗಿಸಿ ರಬ್ಬರ್ ಬ್ಯಾಂಡಿನಿಂದ ಗೇರಿನ ಬುಡಕ್ಕೆ ಕಟ್ಟಿದಾಗ ಅವ್ವ ಹಾಡಿದಳು. ಎರಡನೆಯ ಗೇರು ಹಾಕುವಾಗ ಮಾತ್ರ ಅವಳಿಗೆ ಸ್ವಲ್ಪ ಕೆಮ್ಮು ಬರುತ್ತದೆ.

ಆದರೆ ಒಂದು ಎಡವಟ್ಟು ಮಾಡಿದ್ದೆ. ಡಬ್ಬಿಗೆ ಹಾಕುವಾಗ ಪ್ರತಿ ಪದಕ್ಕೂ ಒಂದು ಹೆಸರು ಕೊಡಬೇಕಿತ್ತು. ಒಂದೇ ಬೆರಳಿನಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿ ಕೊಟ್ಟೆ. ನಾನು ಹತ್ತನೆಯ ಇಯತ್ತೆ ಪಾಸಾದದ್ದು ಮೀಸೆ ಬಂದು ಎಷ್ಟೋ ವರ್ಷಗಳ ಮೇಲೆ. ಎಬಿಸಿಡಿಯ ಸಾಲು ಈಗಲೂ ಬೆರಳು ಮಡಚದೆ ಬರುವುದಿಲ್ಲ. ಡಬ್ಬಿಗೆ ಚೆನ್ನಾಗಿ ಬರುತ್ತದೆ. ಅದು ಭಜನೆಯ ಕ್ರಮವನ್ನು ಬಿಟ್ಟು, ಬಸವಣ್ಣನ ಪದವನ್ನು ಬಿ ಎಂದು ಮುಂದಿಟ್ಟಿತು, ಶಿವನ ಪದವನ್ನು ಎಸ್ ಎಂದು ಹಿಂದಿಟ್ಟಿತು. ಕೊನೆಗೆ ಬರಬೇಕಾದ ಮಂಗಳವನ್ನು ಎಮ್ ಎಂದು ನಟ್ಟನಡುವೆ ಇಟ್ಟಿತು.

ನಟ್ಟನಡುವೆ ಎಂದರೆ ಬೇಗಂಪೇಟೆಯ ಫ್ಲೈಓವರ್ ಮೇಲೆ. ಮುಂದೆ ಏನೋ ಕೆಟ್ಟು ನಿಂತು, ಸಾಲುಗಟ್ಟಿ ಗಾಡಿಗಳು ನಿಂತಿದ್ದವು. ಮಂಗಳ ಮುಗಿಯಿತು. ಅವ್ವ ಕಣ್ಣಿಗೆ ಕೈ ಒತ್ತಿಕೊಂಡು, "ಆತ್ರಿ, ಎಲ್ಲಾರೂ ಪರಸಾದ ತಗೊಂಡ ಹೋಗ್ರಿ" ಎಂದಳು. ನಾನು ಸೀಟಿನ ಬೆಲ್ಟು ಬಿಚ್ಚಿಕೊಳ್ಳುವುದರೊಳಗೆ ಅವಳು ಇಳಿದಾಗಿತ್ತು. ಕೈಯಲ್ಲಿ ಸಾವಿತ್ರಿ ಗಿರಿಜೆಗೆಂದು ಕಳಿಸಿದ್ದ ಶೇಂಗಾ ಉಂಡಿಯ ಡಬ್ಬಿ. ಬೈಕುಗಳ ನಡುವೆ ನುಸುಳಿಕೊಂಡು ಹೋಗಿ ಒಬ್ಬೊಬ್ಬರಿಗೆ ಒಂದೊಂದು ಉಂಡಿ ಹಂಚತೊಡಗಿದಳು.

ಎರಡು ಹೆಜ್ಜೆ ಆಚೆಗೆ ಫ್ಲೈಓವರಿನ ಗಿಡ್ಡ ಗೋಡೆ, ಅದರಾಚೆ ಬರೀ ಗಾಳಿ. ಹೆಲ್ಮೆಟ್ಟಿನ ಗಾಜು ಎತ್ತಿದ ಒಬ್ಬ, ಉಂಡಿಯನ್ನು ಕಣ್ಣಿಗೊತ್ತಿಕೊಂಡು, "ಏ ಗುಡಿದಮ್ಮಾ ಪ್ರಸಾದಂ?" ಎಂದು ಯಾವ ಗುಡಿಯದೆಂದು ಕೇಳುತ್ತಿದ್ದ. ಇನ್ನೊಬ್ಬ ಎರಡನೆಯ ಸಲ ಕೈ ಚಾಚಿದ. "ಒಬ್ರಿಗೆ ಒಂದ! ಆಸಿ ಮಾಡಬ್ಯಾಡ್ರಿ," ಎಂದು ಅವ್ವ ಗದರಿಸಿದಳು. ಹಿಂದಿನವರು ಹಾರನ್ನು ಬಾರಿಸುತ್ತಿದ್ದರು, ಮುಂದಿನವರು ತಿನ್ನುತ್ತಿದ್ದರು. ನಾನು ಓಡಿಹೋಗಿ ಅವಳ ತೋಳು ಹಿಡಿದೆ. ಅವ್ವ ನನ್ನ ಮುಖ ನೋಡಿ, ಡಬ್ಬಿಯ ತಳದಿಂದ ಒಂದು ಉಂಡಿ ತೆಗೆದು ನನ್ನ ಕೈಗಿಟ್ಟಳು. "ನೀವೂ ತಗೋರಿ. ಭಾಳ ದಣದೀರಿ."

ಆ ಉಂಡಿಯನ್ನು ಬಾಯಿಗೆ ಹಾಕಿಕೊಂಡು ಕಾರು ಓಡಿಸಿದೆ. ಕಣ್ಣೇಕೆ ಮಂಜಾಯಿತೆಂದು ಕೇಳಬೇಡಿ. ಉಂಡಿ ಗಟ್ಟಿ ಇತ್ತು.

ವಿಷಯ ಕೇಳಿ ಗಿರಿಜಾ ಮೊದಲು ನಕ್ಕಳು, ಆಮೇಲೆ ಹಣೆಗೆ ಕೈ ಹಚ್ಚಿ ಕೂತಳು. "ಅಣ್ಣಾ, ಮಂಗಳಾನ ತಗದ ಬಿಡೋಣು. ಆಕಿ ಏಳೂದ ಬ್ಯಾಡ," ಎಂದು ಆ ಪದವನ್ನು ಡಬ್ಬಿಯಿಂದ ಅಳಿಸಿದಳು. ಪದಗಳೆಲ್ಲ ಮುಗಿದರೆ ಮತ್ತೆ ಮೊದಲಿಂದ ಬರುವಂತೆಯೂ ಮಾಡಿಕೊಟ್ಟಳು. ಕೊನೆಯೇ ಇಲ್ಲದ ಭಜನೆ. ಆ ಸಂಜೆ ತಾರ್ನಾಕಾ, ಬೇಗಂಪೇಟೆ, ಎರ್ರಗಡ್ಡ, ಕೂಕಟಪಲ್ಲಿ ಎಲ್ಲ ಸಿಗ್ನಲ್ಲುಗಳಲ್ಲೂ ನಿಂತೆವು. ಅವ್ವ ಅಲುಗಲಿಲ್ಲ. ನಾನು ಬಹಳ ದಿನಗಳ ಮೇಲೆ ಬೆನ್ನು ಸೀಟಿಗೆ ಕೊಟ್ಟು ಕೂತೆ.

ಮಿಯಾಪುರ ಬಂತು. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ ಹಾಡು ಆರಿಸಿದೆ.

"ಬಾರವ್ವಾ, ಮನಿ ಬಂತು."

"ಯಾಕ ನಿಲ್ಲಸಿದ್ರಿ? ಮಂಗಳ ಆಗಿಲ್ಲ."

ಇಷ್ಟು ದಿನ ಇಳಿಯದಂತೆ ಕೂರಿಸಲು ಹೆಣಗಿದವನು ಈಗ ಇಳಿಸಲು ಹೆಣಗಿದೆ. ಬೇಡಿಕೊಂಡೆ. ಚಹಾ ಆರುತ್ತದೆ ಎಂದೆ. ಅವ್ವ ಚಕ್ಕಳಮಕ್ಕಳ ಬಿಚ್ಚಲಿಲ್ಲ. ಮಂಗಳದ ಪದ ನಾಚಾರಂನಲ್ಲಿ ಗಿರಿಜೆಯ ಫೋನಿನಲ್ಲಿತ್ತು, ನನ್ನದರಲ್ಲಿದ್ದದ್ದನ್ನು ಜಾಗ ಸಾಲದೆಂದು ನಾನೇ ತೆಗೆದಿದ್ದೆ. ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮೇಲೆ ಹೋಗಿ ಫೋನು ಮಾಡೋಣವೆಂದರೆ ಅವಳೊಬ್ಬಳನ್ನೇ ಬಿಟ್ಟು ಹೇಗೆ ಹೋಗುವುದು? ವಾಚ್‌ಮನ್ ಯಾದಗಿರಿ ಬಂದು, "ಏಮೈಂದಿ ಸಾರ್, ಬಂಡಿ ಖರಾಬಾ?" ಎಂದು ಬಗ್ಗಿ ನೋಡಿದ. ಗಾಡಿ ಕೆಟ್ಟಿಲ್ಲಪ್ಪ ಎಂದೆ.

ಬೇರೆ ದಾರಿ ಇರಲಿಲ್ಲ. ವೈರು ಕಿತ್ತಿಟ್ಟು, ಗಂಟಲು ಸರಿ ಮಾಡಿಕೊಂಡು ನಾನೇ ಹಾಡಿದೆ. ಚಿಕ್ಕಂದಿನಲ್ಲಿ ಆ ಪದ ಬಂತೆಂದರೆ ಎದ್ದು ಓಡಬಹುದು ಎಂಬುದನ್ನಷ್ಟೇ ಕಲಿತಿದ್ದೆನೇ ಹೊರತು ಪದವನ್ನು ಕಲಿತಿರಲಿಲ್ಲ. ಬಂದಷ್ಟು ಹಾಡಿದೆ, ಬಾರದ ಕಡೆ ಗುನುಗಿದೆ. ನೆಲಮಾಳಿಗೆಯ ಗೋಡೆಗಳು ನನ್ನ ಅಪಸ್ವರವನ್ನು ಒಂದೂ ಬಿಡದೆ ನನಗೇ ವಾಪಸು ಕೊಟ್ಟವು. ಯಾದಗಿರಿ ಟೋಪಿ ತೆಗೆದು ಕೈ ಜೋಡಿಸಿ ನಿಂತ. ಹಾಡು ಮುಗಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಇದೆಂಥಾ ಹಾಡೂದ್ರಿ? ನಿಮ್ಮವ್ವ ಕಲಸಲಿಲ್ಲೇನು?"

"ಕಲಸಾಕ ನೋಡಿದ್ಳ್ರಿ. ನಾ ಎಲ್ಲಾನೂ ತಡಾ ಮಾಡಿ ಕಲಿಯಾಂವ."

"ಇರಲಿ ಬಿಡ್ರಿ," ಎಂದು ಅವ್ವ ಬಾಗಿಲು ತೆಗೆದು ಇಳಿದಳು. "ನಾಳಿ ಬರ್ರಿ. ನಾ ಹೇಳಿಕೊಡ್ತೀನಿ."

ಅಂದಿನಿಂದ ಸಂಜೆ ಕಾರು ನಿಂತ ಮೇಲೆ ನನಗೆ ಪಾಠ. ಅವ್ವನಿಗೆ ನಾನು ದಿನಾ ಹೊಸ ವಿದ್ಯಾರ್ಥಿ, ಹೀಗಾಗಿ ದಿನಾ ಮೊದಲನೆಯ ಸಾಲಿನಿಂದಲೇ ಶುರು. ಬೆಳಿಗ್ಗೆ ನಾಚಾರಂನಲ್ಲಿ ಗಿರಿಜಾ ಕಾರಿನ ಹತ್ತಿರ ಬಂದು ಮಂಗಳ ಹಾಡಿ ಇಳಿಸಿಕೊಳ್ಳುತ್ತಾಳೆ. ಅವಳ ದನಿ ಚೆನ್ನಾಗಿರುವುದರಿಂದ ಪಾಠ ಬೇಕಾಗುವುದಿಲ್ಲ. ಸಾವಿತ್ರಿ ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಿಲ್ಲ. ರಬ್ಬರ್ ಬ್ಯಾಂಡು ಹರಿದಾಗ ಅವಳೇ ತನ್ನ ಜಡೆಯದನ್ನು ಬಿಚ್ಚಿ ಕೊಟ್ಟಳು.

ನಿಜ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಇಷ್ಟು ದಿನ ಕೇಳಿ ಕೇಳಿ ನನಗೆ ಈಗ ಆ ಪದ ಪೂರಾ ಬರುತ್ತದೆ. ಆದರೂ ಎರಡನೆಯ ಸಾಲಿನಲ್ಲಿ ದಿನಾ ತಪ್ಪು ಮಾಡುತ್ತೇನೆ. ಸರಿ ಹಾಡಿದರೆ ಅವ್ವ ಇಳಿದುಬಿಡುತ್ತಾಳೆ. ತಪ್ಪಿದರೆ ಇನ್ನೊಂದಿಷ್ಟು ಹೊತ್ತು ಕೂಡುತ್ತಾಳೆ, ತೊಡೆಗೆ ತಟ್ಟಿ ತಾಳ ತೋರಿಸುತ್ತಾಳೆ, ಸಿಟ್ಟು ಬಂದರೆ ಒಮ್ಮೊಮ್ಮೆ "ರಿ" ಹಚ್ಚುವುದನ್ನು ಮರೆಯುತ್ತಾಳೆ.